ಯಂತ್ರ ಮರೆಯದ ಮುಖ

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಅಪ್ಪ ವಿಗ್ರಹದ ಮುಖಕ್ಕೆ ಉಳಿ ಇಟ್ಟನೆಂದರೆ ಯಾರೂ ಬಾಯಿ ಬಿಡಬಾರದು. ಮೈಕೈ ಕೆತ್ತುವಾಗ ಹರಟೆ, ರೇಡಿಯೋ, ಕಾಫಿ ಎಲ್ಲವೂ ನಡೆಯುತ್ತಿತ್ತು. ಮುಖಕ್ಕೆ ಬಂದರೆ ಮಾತ್ರ ಅಮ್ಮ ಪಾತ್ರೆ ತೊಳೆಯುವುದನ್ನೂ ನಿಲ್ಲಿಸುತ್ತಿದ್ದಳು. ಶಿವಾರಪಟ್ಟಣದಲ್ಲಿ ಹುಟ್ಟಿ ಬೆಳೆದ ನಾನು ಆ ಕಟ್ಟಳೆಯನ್ನು ಒಮ್ಮೆಯೂ ಮುರಿದಿರಲಿಲ್ಲ.

ಅಪ್ಪನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಕಲ್ಲು ಕಾಣುತ್ತಿತ್ತು, ಅಳತೆಪಟ್ಟಿಯ ಗೆರೆ ಕಾಣುತ್ತಿರಲಿಲ್ಲ. ಕೋಲಾರದ ಡಾಕ್ಟರು ಇದ್ದಷ್ಟು ದೃಷ್ಟಿ ಉಳಿಸಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಒಪ್ಪಿಕೊಂಡಿದ್ದ ವಿಷ್ಣು ವಿಗ್ರಹಕ್ಕೆ ಮುಖವೊಂದು ಬಾಕಿ ಇತ್ತು.

"ಈ ಮುಖ ಕೆಟ್ರೆ ನಾನಿನ್ನು ಉಳಿ ಮುಟ್ಟಲ್ಲ ಕಣಮ್ಮ," ಎಂದು ಅಪ್ಪ ನನಗೆ ಹೇಳಿದ್ದ.

ಅಪ್ಪ ಹೇಳಿದ ಮೇಲೆ ಹಾಗೇ ಮಾಡುವ ಮನುಷ್ಯ. ಉಳಿ ಬಿಟ್ಟ ಅಪ್ಪ ಜಗಲಿಯ ಮೇಲೆ ಸುಮ್ಮನೆ ಕೂತಿರುವುದನ್ನು ನೆನೆದರೇ ನನಗೆ ಭಯವಾಗುತ್ತಿತ್ತು.

ನಾನು ನರಸಾಪುರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆದು ಪಾಸು ಫೇಲು ಮಾಡುವವಳು. ದಿನವಿಡೀ ಕೈಯಲ್ಲಿ ಡಿಜಿಟಲ್ ಕ್ಯಾಲಿಪರ್. ಎರಡು ದವಡೆಗಳ ನಡುವೆ ವಸ್ತುವನ್ನು ಹಿಡಿದರೆ ಪುಟ್ಟ ಪರದೆಯಲ್ಲಿ ಮಿಲಿಮೀಟರು ತೋರಿಸುವ ಸಾಧನ. ಅಂಥದ್ದೇ ಒಂದನ್ನು ಕೊಂಡು ತಂದೆ. ಅದರ ಪಕ್ಕದ ಮುಚ್ಚಳ ಸರಿಸಿದರೆ ನಾಲ್ಕು ತಾಮ್ರದ ಚುಕ್ಕೆಗಳಿವೆ, ಒಳಗಿನ ಅಂಕಿ ಅಲ್ಲಿಂದ ಹೊರಗೂ ಬರುತ್ತದೆ. ಅದರ ಒಂದೂವರೆ ವೋಲ್ಟು, ಆ ಅಂಕಿಯನ್ನು ಓದಬೇಕಾದ ಮೈಕ್ರೋಕಂಟ್ರೋಲರ್ ಚಿಪ್ಪಿನ ಕಿವಿಗೆ ಸಾಲದು, ಹಾಗಾಗಿ ನಡುವೆ ಎರಡು ಟ್ರಾನ್ಸಿಸ್ಟರ್ ಬೆಸೆದೆ. ಬೆರಳು ಮೂರು ಸಲ ಸುಟ್ಟುಕೊಂಡೆ. ಕೊನೆಗೊಂದು ಸ್ಪೀಕರ್, ಅದರಲ್ಲಿ ಅಂಕಿಗಳನ್ನು ಹೇಳುವ ನನ್ನದೇ ದನಿ.

ಆದರೆ ಅಪ್ಪನಿಗೆ ಮಿಲಿಮೀಟರು ಬೇಡ. ಶಿಲ್ಪಿಗೆ ವಿಗ್ರಹದ ಮುಖದ ಉದ್ದವೇ ಅಳತೆಗೋಲು. ಅದರ ಹನ್ನೆರಡರಲ್ಲಿ ಒಂದು ಪಾಲು ಅಂಗುಲ, ಅಂಗುಲದ ಎಂಟರಲ್ಲಿ ಒಂದು ಪಾಲು ಯವ. ಅಪ್ಪ ಮುಖದುದ್ದಕ್ಕೆ ಕಾಗದದ ಪಟ್ಟಿ ಕತ್ತರಿಸಿ, ಹನ್ನೆರಡು ಮಡಿಕೆ ಮಾಡಿ ಅಳೆಯುತ್ತಿದ್ದ. ನಾನು ಅದರ ಬದಲು ಒಂದು ಗುಂಡಿ ಇಟ್ಟೆ. ಮುಖ ಅಳೆದು ಒತ್ತಿದರೆ ಯಂತ್ರ ಅದನ್ನು ನೆನಪಿಟ್ಟುಕೊಂಡು ಮುಂದಿನದನ್ನೆಲ್ಲ ಅಂಗುಲ, ಯವದಲ್ಲೇ ಹೇಳುತ್ತದೆ. ಆಫ್ ಮಾಡಿದರೂ ಮರೆಯುವುದಿಲ್ಲ.

"ಒಂದ್ಸಲ ಒತ್ತಿದ್ರೆ ಸಾಕಪ್ಪ, ಅದಕ್ಕೆ ಎಲ್ಲಾ ಜ್ಞಾಪಕ ಇರತ್ತೆ," ಎಂದು ಜಂಬ ಕೊಚ್ಚಿಕೊಂಡೆ.

ಆ ಭಾನುವಾರ ಬೆಳಗ್ಗೆ ಅಪ್ಪ ಕಣ್ಣಿನ ತಗ್ಗು ತೆಗೆಯಲು ಕೂತ. ಹುಬ್ಬಿನಿಂದ ಒಳಕ್ಕೆ ಒಂದು ಅಂಗುಲ, ಅಂದರೆ ಎಂಟು ಯವ, ಅಷ್ಟೇ. ಹೆಚ್ಚಾದರೆ ಮೆತ್ತಿ ಸರಿಮಾಡಲು ಕಲ್ಲೇನು ಮಣ್ಣಲ್ಲ. ನಾನು ಎದುರಿಗೆ ಬಾಯಿ ಮುಚ್ಚಿ ಕೂತಿದ್ದೆ. ಅಪ್ಪ ಆಳ ಅಳೆಯುವ ಕ್ಯಾಲಿಪರಿನ ಬಾಲದ ಕಡ್ಡಿಯನ್ನು ತಗ್ಗಿಗೆ ಇಳಿಸಿದ. "ಆರು ಯವ," ಎಂದಿತು ನನ್ನ ದನಿ. ನಾಲ್ಕು ಏಟು ಹಾಕಿ ಮತ್ತೆ ಇಳಿಸಿದ. "ಏಳು ಯವ." ಅಪ್ಪ ತಗ್ಗಿನಲ್ಲಿ ಒಮ್ಮೆ ಬೆರಳಾಡಿಸಿ, ಚಿಕ್ಕ ಉಳಿ ಎತ್ತಿಕೊಂಡ.

ಆಗ ನನ್ನ ಕಣ್ಣು ವಿಗ್ರಹದ ಗದ್ದದ ಮೇಲೆ ಬಿತ್ತು. ಕಪ್ಪು ಕಲ್ಲಿನ ಮೇಲೆ ಉಳಿಯ ಹೊಸ ಬಿಳಿ ಗುರುತುಗಳು. ನಾನು ಶಿಫ್ಟಿಗೆ ಹೋಗಿದ್ದಾಗ ಅಪ್ಪ ಗದ್ದವನ್ನು ಇನ್ನಷ್ಟು ತೆಗೆದಿದ್ದ. ಗದ್ದ ತೆಗೆದರೆ ಮುಖ ಗಿಡ್ಡ, ಮುಖ ಗಿಡ್ಡವಾದರೆ ಅಂಗುಲವೂ ಗಿಡ್ಡ. ಅದಕ್ಕೇ ಅಪ್ಪ ಗದ್ದ ಮುಟ್ಟಿದಾಗಲೆಲ್ಲ ಹಳೆಯ ಪಟ್ಟಿ ಹರಿದು ಹೊಸದು ಮಡಿಸುತ್ತಿದ್ದ. ಆ ಹರಿದ ಪಟ್ಟಿಗಳಲ್ಲಿ ಆಡಿಕೊಂಡೇ ಬೆಳೆದವಳು ನಾನು. ಆದರೆ ಕಾರ್ಖಾನೆಯ ಮಿಲಿಮೀಟರು ಬೆಳಗ್ಗೆ ಒಂದು, ಸಂಜೆ ಒಂದು ಆಗುವುದಿಲ್ಲವಲ್ಲ, ಆ ಬುದ್ಧಿಯಲ್ಲೇ ಯಂತ್ರ ಕಟ್ಟಿದ್ದೆ. ಅದು ಹಳೆಯ, ದೊಡ್ಡ ಅಂಗುಲದಲ್ಲಿ ಅಳೆಯುತ್ತಿತ್ತು. ತಗ್ಗು ಆಗಲೇ ಸಾಕಾಗಿತ್ತು. ನನ್ನ ದನಿ ಮಾತ್ರ ಇನ್ನೂ ಬಾಕಿ ಇದೆ ಎನ್ನುತ್ತಿತ್ತು.

ಹೇಳಬೇಕು, ನಾಲಿಗೆ ಏಳುತ್ತಿಲ್ಲ. ಮೂವತ್ತು ವರ್ಷದ ಅಭ್ಯಾಸ ಅಡ್ಡ ನಿಂತಿತ್ತು. ಸುತ್ತಿಗೆ ಒಮ್ಮೆ ಬಿತ್ತು. ಎರಡನೆಯ ಏಟಿಗೆ ಎತ್ತಿದಾಗ "ನಿಲ್ಸಪ್ಪ," ಎಂದೆ.

ಕೈ ಗಾಳಿಯಲ್ಲೇ ನಿಂತಿತು. ಒಂದೇ ಉಸಿರಿಗೆ ಗದ್ದದ ವಿಷಯ ಹೇಳಿ, ಬೈಗುಳಕ್ಕೆ ಕಾದೆ. ಅಪ್ಪ ಬೈಯಲಿಲ್ಲ. ಹೆಬ್ಬೆರಳನ್ನು ತಗ್ಗಿನೊಳಗೆ ಬಹಳ ಹೊತ್ತು ಆಡಿಸಿದ.

"ಒಂದು ನೂಲಿನೆಳೆಯಷ್ಟು ಜಾಸ್ತಿ ಹೋಗಿದೆ."

"ನಿನ್ನ ಬೆರಳಿಗೆ ಗೊತ್ತಾಗ್ಲಿಲ್ವಾಪ್ಪ?"

"ಗೊತ್ತಾಗ್ದೆ ಏನು. ಸಾಕು ಅಂತ್ಲೇ ಹೇಳ್ತಿತ್ತು. ನೀನು ಏಳು ಅಂದೆ. ನನ್ನ ಬೆರಳಿಗೂ ವಯಸ್ಸಾಯ್ತೇನೋ ಅಂದ್ಕೊಂಡೆ."

ನನಗೆ ಅಳು ಬಂತು. ಕಣ್ಣಿಗೆ ನೆರವಾಗಲು ಹೋಗಿ ಅಪ್ಪನ ಬೆರಳ ಮೇಲಿನ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ.

"ಅತ್ತಿದ್ದು ಸಾಕು. ಆ ಡಬ್ಬಿ ಬಾಯಿ ಮುಚ್ಚು. ಇನ್ನೊಂದು ಕಣ್ಣನ್ನೂ ಇದಕ್ಕೆ ಸಮ ಮಾಡೋಣ. ನೀನು ಅಳೆದು ಬಾಯಲ್ಲಿ ಹೇಳು," ಎಂದ ಅಪ್ಪ.

ಮಧ್ಯಾಹ್ನದವರೆಗೆ ಹೇಳುತ್ತಾ ಹೋದೆ. ಮುಖ ಕೆಡಲಿಲ್ಲ. ಆ ವಿಗ್ರಹದ ಎರಡೂ ಕಣ್ಣು ಇರಬೇಕಾದ್ದಕ್ಕಿಂತ ಒಂದು ನೂಲು ಹೆಚ್ಚು ಆಳ, ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಕೆಟ್ಟ ಮೇಲೆ ಬುದ್ಧಿ ಬಂತು. ಈಗ ಯಂತ್ರ ಆನ್ ಮಾಡಿದರೆ ಹಳೆಯದೆಲ್ಲ ಮರೆತು "ಈಗಿನ ಮುಖ ತೋರ್ಸಪ್ಪ," ಎಂದು ಕೇಳುತ್ತದೆ. ಅಪ್ಪ ತೋರಿಸುತ್ತಾನೆ. ಆಮೇಲೆ ಪ್ರತಿ ತಗ್ಗಿಗೂ ಮೊದಲು ಹೆಬ್ಬೆರಳಿಟ್ಟು ತಾನೊಂದು ಅಂಕಿ ಹೇಳಿ, ನಂತರವೇ ಯಂತ್ರದ ಬಾಯಿ ಬಿಡಿಸುತ್ತಾನೆ. ಎರಡೂ ಹೊಂದದಿದ್ದರೆ ಉಳಿ ಕೆಳಗಿಟ್ಟು, ವಿಗ್ರಹದ ಮುಖದ ಮುಂದೆಯೇ ಗಟ್ಟಿಯಾಗಿ ನನ್ನನ್ನು ಕೂಗುತ್ತಾನೆ.