ಎಡಗಡೆಯ ಬಾಗಿಲು

ನಮ್ಮ ಕಡೆ ಏನೇ ಕೊಳ್ಳಲಿ, ಮೊದಲು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇವೆ. ಅಕ್ಕಿಆಲೂರಿನ ಸಂತೆಯಲ್ಲಿ ಅವ್ವ ಕೊಡಪಾನವನ್ನು ಹೀಗೆ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಎತ್ತಿ ತೂಕ ನೋಡುತ್ತಿದ್ದಳು. ಠಣ್ ಎನ್ನಬೇಕು, ಕೈಗೆ ಭಾರ ಹತ್ತಬೇಕು. ಹಗುರವಾದದ್ದೆಲ್ಲ ಅವಳ ಲೆಕ್ಕದಲ್ಲಿ ಮೋಸ. ಅದೇ ವಿದ್ಯೆಯನ್ನು ನಾನು ಸವಣೂರಿನ ಗ್ಯಾರೇಜಿನಲ್ಲಿ ಕಾರಿನ ಬಾಗಿಲಿನ ಮೇಲೆ ಪ್ರಯೋಗಿಸಿದೆ.

“ಅಕ್ಕಾರ, ಬಾಗಲಾ ನೋಡಾಕ ಬಂದೀರೋ, ಕಲ್ಲಂಗಡಿ ಹಣ್ಣ ತಗೊಳ್ಳಾಕ ಬಂದೀರೋ?” ಎಂದ ಮಿಸ್ತ್ರಿ.

ನನಗೆ ಸಿಟ್ಟು ಬಂತು. ಹೆದರಿಕೆಯಾದಾಗ ಬೇರೆಯವರು ಅಳುತ್ತಾರೆ, ನಾನು ಸಿಟ್ಟಾಗುತ್ತೇನೆ. ಬೇವಿನ ಮರಕ್ಕೆ ಎರಡು ಬಾಗಿಲು ಆನಿಸಿಟ್ಟಿದ್ದ. ಒಂದು ಕಬ್ಬಿಣದ್ದು, ನಮ್ಮ ಕಾರಿನಂಥದೇ ಹಳೆಯ ಕಾರಿನಿಂದ ಬಿಚ್ಚಿದ್ದು. ಇನ್ನೊಂದು ಅವನೇ ಅಚ್ಚು ಹಾಕಿ ಮಾಡಿದ ಫೈಬರ್ ಬಾಗಿಲು. ಟ್ರ್ಯಾಕ್ಟರಿನ ಟಾಪು, ನೀರಿನ ಟಾಕಿ ಮಾಡುವುದು ಅವನ ಕಸುಬು. ಕಾರಿನ ಕೆಲಸವನ್ನೂ ಅದೇ ಉತ್ಸಾಹದಲ್ಲಿ ಮಾಡುತ್ತಿದ್ದ. ಬಾನೆಟ್ಟು, ಎಡಗಡೆಯ ಮಡ್‌ಗಾರ್ಡು ಫೈಬರ್ ಆಗಲಿ ಎಂದು ನಾನು ಆಗಲೇ ಒಪ್ಪಿದ್ದೆ. ಅಲ್ಲಿ ಯಾರೂ ಕೂರುವುದಿಲ್ಲ. ಎಡಗಡೆಯ ಬಾಗಿಲಿಗೆ ಒತ್ತಿಕೊಂಡು ಅವ್ವ ಕೂರುತ್ತಾಳೆ.

ಅವ್ವನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಹಾನಗಲ್ಲಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಆ ಎರಡು ದಿನ ಅಂಗಡಿಗೆ ಬೀಗ ಹಾಕಿ ನಾನೇ ಕಾರು ಓಡಿಸುತ್ತೇನೆ. ಒಂದು ಬೆಳಿಗ್ಗೆ ತಡಸದ ಹತ್ತಿರ ಹೊಲದ ದಾರಿಯಿಂದ ಗೋವಿನಜೋಳ ಹೇರಿದ ಟ್ರ್ಯಾಕ್ಟರು ಏಕಾಏಕಿ ರಸ್ತೆಗೆ ನುಗ್ಗಿ ನಮ್ಮ ಎಡಮಗ್ಗುಲಿಗೆ ಗುದ್ದಿತು. ಬಾನೆಟ್ಟು ಮಡಚಿಕೊಂಡಿತು. ಅವ್ವನ ಬಾಗಿಲು ಒಳಕ್ಕೆ ಬಗ್ಗಿ ಕಚ್ಚಿಕೊಂಡುಬಿಟ್ಟಿತು. ದೇವರ ದಯೆ, ದೊಡ್ಡ ಗಾಯ ಆಗಲಿಲ್ಲ. ಆದರೆ ಅವಳ ಕಾಲು ಸಿಕ್ಕಿಕೊಂಡು ನನ್ನ ಕಡೆಗೆ ಸರಿಯಲು ಬರಲಿಲ್ಲ. ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. “ಇಳೀರಿ, ಇಳೀರಿ, ಬೆಂಕಿ ಹತ್ತೀತು!” ಎಂದು ಜನ ಕೂಗುತ್ತಿದ್ದರು. ನನ್ನ ಬಾಗಿಲು ತೆರೆದೇ ಇತ್ತು. ನಾನು ಅವ್ವನ ತೋಳು ಹಿಡಿದು ಕುಳಿತೆ. ಹೊಲದವರು ಹಾರೆ ತಂದು ಬಾಗಿಲನ್ನು ಮೀಟಿ ಕಿತ್ತು ಅವಳನ್ನು ಎಳೆದುಕೊಂಡ ಮೇಲೆಯೇ ನನ್ನ ಕಾಲು ನೆಲಕ್ಕೆ ತಾಗಿದ್ದು.

ಬೆಂಕಿ ಹತ್ತಲಿಲ್ಲ. ಆದರೂ ಆಮೇಲೆ ಸ್ಟೋವಿನ ವಾಸನೆ ಬಂದರೆ ಸಾಕು, ಎದ್ದು ಹೋಗಿ ಮನೆಯ ಬಾಗಿಲು ತೆರೆದಿಡುತ್ತಿದ್ದೆ. ಟ್ರ್ಯಾಕ್ಟರಿನ ಸದ್ದು ಕೇಳಿದರೆ ಹೊಲಿಗೆ ಯಂತ್ರದ ಮೇಲಿನ ಕಾಲು ತಾನಾಗಿ ನಿಲ್ಲುತ್ತಿತ್ತು. ಕಾರು ಗ್ಯಾರೇಜಿನಲ್ಲಿದ್ದಷ್ಟು ದಿನ ಬಸ್ಸಿನಲ್ಲಿ ಹೋಗಿಬಂದೆವು. ಹೋಗುವಾಗ ಹೇಗೋ ಸೀಟು ಸಿಗುತ್ತಿತ್ತು. ಬರುವಾಗ ನೂಕುನುಗ್ಗಲಿನಲ್ಲಿ ಅವ್ವ ಕಂಬ ಹಿಡಿದು ನಿಂತು ಬೆವರುತ್ತಿದ್ದಳು. ಮರುದಿನವೆಲ್ಲ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. “ಸಾಕವ್ವ, ಇನ್ನ ನಾ ಬರೂದಿಲ್ಲ” ಎನ್ನತೊಡಗಿದಳು. ಬರದಿದ್ದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಕಾರು ಬೇಗ ರಸ್ತೆಗಿಳಿಯಬೇಕಿತ್ತು.

ಅದಕ್ಕೇ ಅವತ್ತು ಗ್ಯಾರೇಜಿನಲ್ಲಿ ಎರಡೂ ಬಾಗಿಲು ಬಡಿದು ನೋಡಿದೆ. ಫೈಬರ್ ಬಾಗಿಲು ಒಣಗಿದ ಸೋರೆಕಾಯಿಯಂತೆ ಟೊಪ್ ಟೊಪ್ ಎಂದಿತು. ಒಂದೇ ಕೈಯಲ್ಲಿ ಎತ್ತಿದರೆ ಎದ್ದು ಬಂತು. ಕಬ್ಬಿಣದ್ದು ಗಟ್ಟಿಯಾಗಿ ಸದ್ದು ಮಾಡಿತು, ಎತ್ತಲು ಹೋದರೆ ಸೊಂಟ ಹಿಡಿಯುವಂತಿತ್ತು.

“ಗುದ್ದಿದ್ರ ಫೈಬರ್ ತಡೀತೈತೇನ್ರಿ?” ಎಂದು ಕೇಳಿದೆ.

“ಸುಳ್ಳ ಯಾಕ ಹೇಳ್ಲಿರಿ, ಸೀಳತೈತಿ. ಆದ್ರ ನಿಮ್ಮ ಗಾಡ್ಯಾಗ ಬಾಗಲಾ ಹಿಡಿಯೂ ಕಂಬ ಬಗ್ಗಿತ್ತು, ತಿದ್ದೇನಿ. ಅದಕ್ಕ ಭಾರ ಹಾಕಿದ್ರ ಬಾಗಲಾ ಜೋಲತೈತಿ, ತಗಿಯೂದು ತ್ರಾಸ ಆಗತೈತಿ. ಹಗರದ್ದ ಹಾಕ್ಸ್ರಿ.”

ಸೀಳುತ್ತದೆ ಎಂದದ್ದೊಂದೇ ನನ್ನ ಕಿವಿಗೆ ಬಿತ್ತು. ಉಳಿದದ್ದನ್ನು ಕೇಳಲಿಲ್ಲ. ಕಬ್ಬಿಣದ್ದನ್ನೇ ಹಾಕಿ ಎಂದೆ. ಅದು ಮಾಸೂರಿನ ಯಾರದೋ ಕಾರಿನದಂತೆ. ಆ ಕಾರು ಗುಜರಿಗೆ ಯಾಕೆ ಬಂತು, ಒಳಗಿದ್ದವರು ಏನಾದರು ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಬಾಗಿಲು ಕೂಡಿಸಿದ ಮೇಲೆ, ಬಣ್ಣ ಬಳಿಯುವ ಮುಂಚೆ, ಅವ್ವನನ್ನು ಸವಣೂರಿಗೆ ಕರೆತಂದೆ. ಕಾರು ಕಂಡೊಡನೆ ಅವಳ ಹೆಜ್ಜೆ ನಿಧಾನವಾಯಿತು. ಹತ್ತಿರ ಬಂದು ಅವಳೂ ಗೆಣ್ಣಿನಿಂದ ಬಡಿದಳು. “ಗಟ್ಟಿ ಐತಿ ಬಿಡು” ಎಂದು ಒಳಗೆ ಕುಳಿತಳು. ನಾನು ಹೆಮ್ಮೆಯಿಂದ ಬಾಗಿಲು ಹಾಕಿದೆ. ಧಪ್ಪೆಂದು ಕೂತಿತು.

ಸ್ವಲ್ಪ ಹೊತ್ತಿಗೆ ಅವಳು ಇಳಿಯಲು ನೋಡಿದಳು. ಅವಳ ಎಡಗೈಗೆ ಡಯಾಲಿಸಿಸ್ ಸೂಜಿ ಹಾಕುತ್ತಾರೆ. ಆ ಕೈಯಲ್ಲಿ ಭಾರ ನೂಕಬಾರದು. ಬಲಗೈಯನ್ನು ಎದೆಯ ಮೇಲಿಂದ ಚಾಚಿ ಹಿಡಿಕೆ ಎಳೆದಳು, ಭುಜ ಕೊಟ್ಟು ನೂಕಿದಳು. ಬಾಗಿಲು ಅಲುಗಲಿಲ್ಲ. ಇನ್ನೊಮ್ಮೆ ನೂಕಿದಳು. ಆಮೇಲೆ ಗಾಜನ್ನು ಅಂಗೈಯಿಂದ ಬಡಿಯತೊಡಗಿದಳು. ಅವಳ ಬಾಯಿ ತೆರೆದಿತ್ತು, ದನಿ ಹೊರಗೆ ಬರುತ್ತಿರಲಿಲ್ಲ. ನಾನು ಓಡಿಹೋಗಿ ಎರಡೂ ಕೈಯಿಂದ ಎಳೆದೆ. ಜೋತುಬಿದ್ದ ಬಾಗಿಲು ಕೆಳಗೆ ಕೆರೆಯುತ್ತ ತೆರೆಯಿತು. ಅವ್ವನ ಕುಪ್ಪಸ ಬೆವರಿನಲ್ಲಿ ತೊಯ್ದಿತ್ತು. ಅವಳನ್ನು ಇಳಿಸಿ ಅಲ್ಲೇ ನೆಲಕ್ಕೆ ಕೂಡಿಸಿದೆ, ನಾನೂ ಪಕ್ಕದಲ್ಲಿ ಕುಳಿತೆ.

ಮಿಸ್ತ್ರಿ ನೀರು ತಂದುಕೊಟ್ಟ. ಕುಡಿದ ಅವ್ವ ಬೇವಿನ ಮರದ ಕಡೆ ಕೈ ಮಾಡಿ, “ಅದ ಹಾಕ್ಸು” ಎಂದಳು.

“ಅದು ಸೀಳತೈತವ್ವ. ಯಾರರ ಬಂದು ಗುದ್ದಿದ್ರ ಸೀದಾ ನಿನ್ನ ಮ್ಯಾಲ ಬರತೈತಿ.”

“ಬರಲಿ. ನನಗ ತಗಿಯಾಕ ಬರಬೇಕು.”

“ನಾ ಇರ್ತೇನಲ್ಲ, ತಗೀತೇನಿ” ಎಂದು ರೇಗಿದೆ.

“ಅದಕ್ಕ ಹೇಳಾಕತ್ತೇನಿ,” ಎಂದಳು ಅವ್ವ. “ಅವತ್ತ ನಿನ್ನ ಬಾಗಲಾ ತೆರದಿತ್ತು. ಮಂದಿ ಇಳಿ ಅಂದ್ರು, ನಾನೂ ಇಳಿ ಅಂದೆ. ನೀ ಇಳೀಲಿಲ್ಲ. ಟ್ರ್ಯಾಕ್ಟರ್ ಹೆದರಿಕಿ ಇಲ್ಲ ನನಗ, ನಿನ್ನ ಹೆದರಿಕಿ. ನಾ ಲಗೂನ ಇಳದ್ರ ನೀ ಇಳೀತಿ. ಇಲ್ಲಾಂದ್ರ ನಾ ಈ ಗಾಡಿ ಹತ್ತೂದಿಲ್ಲ, ದವಾಖಾನಿಗೂ ಬರೂದಿಲ್ಲ.”

ಅವಳು ಇಳಿ ಎಂದದ್ದು ನನಗೆ ನೆನಪೇ ಇರಲಿಲ್ಲ. ಆ ಗದ್ದಲದಲ್ಲಿ ಅವಳ ದನಿ ನನಗೆ ಕೇಳಿಯೇ ಇರಲಿಲ್ಲವೇನೋ.

ಫೈಬರ್ ಬಾಗಿಲನ್ನೇ ಹಾಕಿಸಿದೆವು. ಮಿಸ್ತ್ರಿ ಒಳಗಡೆ ಅಡ್ಡಕ್ಕೊಂದು ಕಬ್ಬಿಣದ ಪೈಪು ಕೂಡಿಸಿ, “ನಿಮ್ಮ ಸಮಾಧಾನಕ್ಕ ರೀ” ಎಂದ. ಸಮಾಧಾನಕ್ಕೆ ಎಂದ, ಕಾಯುತ್ತದೆ ಎನ್ನಲಿಲ್ಲ. ಅವ್ವ ಎರಡು ಬೆರಳಿನಿಂದ ತೆರೆದು ತೋರಿಸಿ ನಕ್ಕಳು. ನನಗೆ ನಗು ಬರಲಿಲ್ಲ.

ಮೊದಲ ದಿನ ಹುಬ್ಬಳ್ಳಿಗೆ ಹೊರಟಾಗ ಲಾರಿಗಳು ಪಕ್ಕದಲ್ಲಿ ಹಾದುಹೋದಾಗಲೆಲ್ಲ ಆ ಬಾಗಿಲು ಗಾಳಿಗೆ ಗಡಗಡ ಎನ್ನುತ್ತಿತ್ತು. ಪ್ರತಿ ಸಲವೂ ನಾನು ಅವ್ವನ ಕಡೆ ಕಣ್ಣು ಹಾಯಿಸುತ್ತಿದ್ದೆ. ತಡಸದ ಹತ್ತಿರ ಹೊಲದ ದಾರಿಯಲ್ಲಿ ಒಂದು ಟ್ರ್ಯಾಕ್ಟರು ನಿಂತಿತ್ತು, ಸುಮ್ಮನೆ ನಿಂತಿತ್ತು ಅಷ್ಟೇ. ನಾನು ಬ್ರೇಕಿನ ಮೇಲೆ ಕಾಲಿಟ್ಟು ಕಾರನ್ನು ಎತ್ತಿನ ಬಂಡಿಯಂತೆ ನಡೆಸಿದೆ. ಹಿಂದಿನವರು ಹಾರ್ನು ಹೊಡೆದರು, ಹೊಡೆಯಲಿ ಎಂದು ಬಿಟ್ಟೆ.

ದಾಟಿದ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

“ಇನ್ನೊಮ್ಮೆ ಹಂಗೇನರ ಆದ್ರ, ನನ್ನ ದಾರಿ ಕಾಯಲಾರದ ಇಳೀತಿಲ್ಲೋ?”

“ಇಳೀತೇನಿ” ಎಂದೆ.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಸುಳ್ಳು ಹೇಳುವಾಗ ಅವಳಿಗೆ ಯಾವತ್ತೂ ತಿಳಿಯುತ್ತದೆ.

“ನೋಡಿ ಗಾಡಿ ಹೊಡಿ ಹಂಗಾರ,” ಎಂದು ರಸ್ತೆಯ ಕಡೆ ತಿರುಗಿದಳು. “ಇಬ್ಬರೂ ಅದೇವಿ ಒಳಗ.”