ಗ್ರಹಣದ ದಿನ ಕೊಯ್ದ ಬೇರು

ಈರುಳ್ಳಿ ಬೇರಿನ ತುದಿ ಕೊಯ್ಯಬೇಕಾದ್ದು ಬೆಳಗ್ಗೆ, ಎಂಟು ಎಂಟೂವರೆ ಹೊತ್ತಿಗೆ. ಆಗ ಆ ತುದಿಯೊಳಗೆ ಜೀವಕೋಶಗಳು ಒಂದೇ ಸಮ ಎರಡಾಗುತ್ತಿರುತ್ತವೆ. ತಡ ಮಾಡಿದಿರೋ, ಮೈಕ್ರೋಸ್ಕೋಪಿನಲ್ಲಿ ಏನೂ ಕಾಣಲ್ಲ, ಮಕ್ಕಳು ಆಕಳಿಸುತ್ತಾ ಕೂತಿರುತ್ತವೆ. ಹೊನ್ನಾಳಿಯ ಒಂದು ಪಿಯು ಕಾಲೇಜಿನಲ್ಲಿ ಹತ್ತು ವರ್ಷದಿಂದ ಬಯಾಲಜಿ ಹೇಳುತ್ತಿದ್ದೀನಿ. ಬೇರು ಕೊಯ್ಯೋ ಕೆಲಸ ಮಾತ್ರ ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಒಂದೇ ಒಂದು ಸಲ ಕೊಟ್ಟಿದ್ದೆ.

ಈರುಳ್ಳಿ ಬರುತ್ತಿದ್ದದ್ದು ನಮ್ಮ ಅತ್ತಿಗೆಯ ತವರಿಂದ, ಜಗಳೂರಿನ ಕಡೆ ಸೊಕ್ಕೆಯಿಂದ. ಅವಳಪ್ಪ ಮಗಳನ್ನ ನೋಡಾಕೆ ನ್ಯಾಮತಿಯ ನಮ್ಮ ಮನೆಗೆ ಬಂದಾಗಲೆಲ್ಲ ಒಂದು ಚೀಲ ತಂದು ಹಾಕೋನು. "ಮೇಡಂ ಕಾಲೇಜಿಗೆ" ಅಂತ ನನ್ನ ಪಾಲಿನ ಗಡ್ಡೆಗಳನ್ನ ಬೇರೆ ಆರಿಸಿ ಇಡೋನು. ಅತ್ತಿಗೆ ವಯಸ್ಸಲ್ಲಿ ನನಗಿಂತ ಆರು ವರ್ಷ ಚಿಕ್ಕವಳು, ಓದಿದ್ದು ಎಸ್ಸೆಸ್ಸೆಲ್ಸಿ. ಬಾಯಲ್ಲಿ ಅತ್ತಿಗೆ ಅಂತಿದ್ದೆನೇ ಹೊರತು ಮಾತಾಡಿಸುತ್ತಿದ್ದದ್ದು ಏಕವಚನದಲ್ಲೇ. ಅವಳು ನನ್ನನ್ನ ಅಕ್ಕಾರೆ ಅನ್ನೋಳು, ಬಹುವಚನ ಬಿಡುತ್ತಿರಲಿಲ್ಲ.

ಒಂದು ಸಲ ಕೊಟ್ಟಿದ್ದೆ ಅಂದೆನಲ್ಲ, ಅವತ್ತು ಬೆಳಗ್ಗೆ ಸೂರ್ಯಗ್ರಹಣ. ಅವ್ವ ಒಲೆ ಹಚ್ಚದೆ, ನೀರಿನ ಕೊಡಕ್ಕೆಲ್ಲ ದರ್ಭೆ ಹಾಕಿ ದೇವರ ಮನೆ ಸೇರಿದ್ದಳು. ಅತ್ತಿಗೆ ಐದು ತಿಂಗಳ ಬಸುರಿ. ಕೋಣೆಯಿಂದ ಹೊರಗೆ ಬರಬಾರದು, ಕತ್ತಿ ಈಳಿಗೆ ಏನೂ ಮುಟ್ಟಬಾರದು ಅಂತ ಹಿಂದಿನ ದಿನದಿಂದಲೇ ಕಟ್ಟಪ್ಪಣೆ. ನನಗೋ ಪ್ರಾಕ್ಟಿಕಲ್. ಹಿತ್ತಲ ಕಟ್ಟೆ ಮೇಲೆ ನೀರಿನ ಲೋಟದ ಬಾಯಿಗೆ ಕೂರಿಸಿದ್ದ ಗಡ್ಡೆಗಳು ಬಿಳೀ ಬೇರು ಬಿಟ್ಟಿದ್ದವು. ಬಸ್ಸಿಗೆ ಹೊತ್ತಾಗಿತ್ತು, ಸೀರೆ ಉಟ್ಟಿರಲಿಲ್ಲ. ನಿಜ ಹೇಳಬೇಕಂದರೆ ಹೊತ್ತಾಗಿದ್ದಕ್ಕೇ ಅಲ್ಲ. ಈ ಮನೆಯ ಮೂಢನಂಬಿಕೆಗೆ ಮಂಗಳಾರತಿ ಎತ್ತಬೇಕು ಅನ್ನೋ ಕೊಬ್ಬು ನನಗೆ. ಕೋಣೆ ಬಾಗಿಲು ತಳ್ಳಿ ಅತ್ತಿಗೆಯ ಕೈಗೆ ಬ್ಲೇಡು ಕೊಟ್ಟೆ.

"ಇವತ್ತು ಬ್ಯಾಡ್ರಿ ಅಕ್ಕಾರೆ, ನಂಗೆ ಹೆದ್ರಿಕೆ ಆಕೈತೆ."

"ಎಸ್ಸೆಸ್ಸೆಲ್ಸಿ ಪಾಸಾಗಿ ಹಿಂಗೆ ಅಂತೀಯಲ್ಲ, ನಾಚಿಕೆ ಆಗಲ್ವೇನೇ? ತುದಿ ಅಷ್ಟೇ ಕೊಯ್ದು ಈ ಶೀಸೆಗೆ ಹಾಕು, ನಡಿ."

ಹೋದಳು. ಕಟ್ಟೆ ಹತ್ತಿರ ಕೂತು ಒಂದೊಂದೇ ತುದಿ ಕೊಯ್ದಳು. ಕಿಟಕಿಯಿಂದ ಅವ್ವ ನೋಡಿಬಿಟ್ಟಳು. ಅಯ್ಯಯ್ಯೋ ಅಂತ ಅವಳು ಕೂಗಿಕೊಂಡು ಬರೋ ಹೊತ್ತಿಗೆ ನಾನು ಹಿತ್ತಲ ಬಾಗಿಲಲ್ಲಿ ನೆರಿಗೆ ಹಿಡಿಯುತ್ತಾ ನಿಂತಿದ್ದೆ. ನಾನೇ ಹೇಳಿದ್ದು ಅನ್ನಬಹುದಿತ್ತು. ನೆರಿಗೆ ಸರಿಮಾಡಿಕೊಂಡೆ. ಅತ್ತಿಗೆ ನನ್ನ ಮುಖ ನೋಡಿದಳು, ಆಮೇಲೆ ಅವ್ವನ ಕಡೆ ತಿರುಗಿ, "ಮರ್ತು ಕೊಯ್ದೆ ಅತ್ತೆ, ತಪ್ಪಾತು" ಅಂದಳು.

ಪ್ರಾಕ್ಟಿಕಲ್ ಅವತ್ತು ಬಲು ಚೆನ್ನಾಗಾಯಿತು. ಬಣ್ಣ ಹಾಕಿ, ದೀಪದ ಮೇಲೆ ಒಂಚೂರು ಬೆಚ್ಚಗೆ ಮಾಡಿ, ಮೇಲೆ ತೆಳು ಗಾಜಿಟ್ಟು ಹೆಬ್ಬೆರಳಿಂದ ನೆಟ್ಟಗೆ ಅದುಮಬೇಕು. ಬೆರಳು ಅತ್ತಿತ್ತ ಜರುಗಿದರೆ ಎಲ್ಲಾ ಕಲಸಿಹೋಗುತ್ತೆ. ಈರುಳ್ಳಿಗೆ ಹದಿನಾರು ಕ್ರೋಮೋಸೋಮು. ಪ್ರತಿಯೊಂದೂ ತನ್ನ ನಕಲು ಮಾಡಿಕೊಂಡು, ಕೋಶದ ನಡುಮಧ್ಯೆ ಸಾಲಾಗಿ ನಿಂತು, ಆಮೇಲೆ ಜೋಡಿ ಬಿಟ್ಟು ಒಂದು ಈ ಕಡೆ, ಒಂದು ಆ ಕಡೆ ಸರಿಯುತ್ತವೆ. ಆ ಕಡೆ ಹದಿನಾರು, ಈ ಕಡೆ ಹದಿನಾರು. "ನೋಡ್ರೋ, ಒಂದಾದ್ರೂ ತಪ್ಪೈತಾ?" ಅಂತ ಮಕ್ಕಳಿಗೆ ಜಂಬದಿಂದ ತೋರಿಸಿದೆ.

ನಾಲ್ಕು ತಿಂಗಳಿಗೆ ಹೆಣ್ಣು ಕೂಸಾಯಿತು. ಬಾಣಂತಿ ಕೋಣೆಯಲ್ಲಿ ಎತ್ತಿಕೊಂಡ ಕೂಡಲೇ ನನಗೆ ಗೊತ್ತಾಗಿಹೋಯಿತು. ಮೇಲಕ್ಕೆ ವಾರೆಯಾದ ಕಣ್ಣು, ಚಪ್ಪಟೆ ಮೂಗು, ಅಂಗೈಯಲ್ಲಿ ಅಡ್ಡಕ್ಕೆ ಒಂದೇ ಗೆರೆ. ಪುಸ್ತಕದಲ್ಲಿ ಚಿತ್ರ ತೋರಿಸಿ ಪಾಠ ಮಾಡಿದವಳು ನಾನು. ಇಪ್ಪತ್ತೊಂದನೇ ಕ್ರೋಮೋಸೋಮು ಎರಡಿರಬೇಕಾದ ಕಡೆ ಮೂರು. ಡೌನ್ ಸಿಂಡ್ರೋಮ್.

ಅವ್ವನಿಗೆ ಕಾರಣ ಹುಡುಕೋ ಕಷ್ಟ ಬರಲಿಲ್ಲ. "ಗ್ರಹಣದಾಗೆ ಬ್ಲೇಡು ಹಿಡಿದ ಮಾರಿ" ಅಂತ ಬಾಣಂತಿಗೆ ಕೇಳೋ ಹಂಗೇ ಅನ್ನೋಳು. ಮೂರನೇ ತಿಂಗಳಿಗೇ ಬಿಸಿನೀರು ಕಾಯಿಸೋದು ನಿಲ್ಲಿಸಿದಳು. ಕೂಸನ್ನ ತೊಟ್ಟಿಲಿಂದ ಎತ್ತಲಿಲ್ಲ, ಅಣ್ಣನಿಗೂ ಎತ್ತಾಕೆ ಬಿಡಲಿಲ್ಲ. ತಾಯಿ ಮಗಳನ್ನ ಸೊಕ್ಕೆಗೆ ಅಟ್ಟಬೇಕು ಅನ್ನೋ ಮಾತು ಶುರುವಾಯಿತು. ಆಗ ನಾನು ರೇಗಿದೆ, ಅದನ್ನ ಒಪ್ಪಿಕೊಳ್ಳಬೇಕು. ಐದು ತಿಂಗಳಿಗೆ ಬ್ಲೇಡು ಹಿಡಿದರೆ ಏನೂ ಆಗಲ್ಲ, ಕ್ರೋಮೋಸೋಮಿನ ಎಣಿಕೆ ತಪ್ಪೋದು ಬಸುರು ನಿಲ್ಲೋ ಮುಂಚೆಯೇ, ಪರೀಕ್ಷೆ ಮಾಡಿಸಿ ಬಾಯಿ ಮುಚ್ಚಿಸ್ತೀನಿ ಅಂತ ಕೂಗಾಡಿ, ಗಂಡ ಹೆಂಡತಿ ಕೂಸು ಮೂವರನ್ನೂ ದಾವಣಗೆರೆಗೆ ಕರಕೊಂಡು ಹೋಗಿ ರಕ್ತ ಕೊಡಿಸಿದೆ. ಬಸ್ಸಲ್ಲಿ ಅತ್ತಿಗೆ ನನ್ನ ಕೈ ಹಿಡಕೊಂಡೇ ಕೂತಿದ್ದಳು. "ನಿಮ್ಮ ರಿಪೋರ್ಟ್ ಬಂದ್ಮ್ಯಾಗೆ ಅತ್ತೆ ಸುಮ್ನಾಗ್ತಾರಲ್ರಿ ಅಕ್ಕಾರೆ?" ಅಂತ ಎರಡು ಸಲ ಕೇಳಿದಳು. ಆಗ್ತಾರೆ ಅಂದೆ.

ರಿಪೋರ್ಟ್ ತರಾಕೆ ಒಬ್ಬಳೇ ಹೋದೆ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಬೇಕಿತ್ತಲ್ಲ ಅಂದರು ಡಾಕ್ಟರು. ನಾನು ಇದೇ ಪಾಠ ಮಾಡೋಳು, ನಾನೇ ತಿಳಿಸಿ ಹೇಳ್ತೀನಿ ಅಂದೆ. ನಂಬಿದರು.

ಕಾರಣ ಅಣ್ಣನಲ್ಲಿತ್ತು. ಅವನ ಒಂದು ಇಪ್ಪತ್ತೊಂದನೇ ಕ್ರೋಮೋಸೋಮು ಹದಿನಾಲ್ಕನೆಯದಕ್ಕೆ ಅಂಟಿಕೊಂಡಿತ್ತು. ಅವನಿಗೆ ಅದರಿಂದ ಏನೂ ತೊಂದರೆಯಿಲ್ಲ, ಲೆಕ್ಕಕ್ಕೆ ಎಲ್ಲಾ ಇದೆ. ವೀರ್ಯಾಣು ತಯಾರಾಗೋ ಹೊತ್ತಿಗೆ ಮಾತ್ರ, ಬೇರೆ ಬೇರೆ ಕಡೆ ಹೋಗಬೇಕಾದ ಎರಡೂ ಇಪ್ಪತ್ತೊಂದನೆಯವು ಒಟ್ಟಿಗೆ ಒಂದೇ ಕಡೆ ಹೋಗಿಬಿಡಬಹುದು. ಹಂಗೆ ಹೋಗಿದ್ದವು. ಅತ್ತಿಗೆಯವು ನಲವತ್ತಾರೂ ಸರಿಯಾಗಿದ್ದವು. ಇಂಥದ್ದು ಒಡಹುಟ್ಟಿದವರಲ್ಲೂ ಇರಬಹುದು, ಅವರೂ ಪರೀಕ್ಷಿಸಿಕೊಳ್ಳಲಿ ಅಂತ ಕೆಳಗೊಂದು ಸಾಲು ಬರೆದಿತ್ತು.

ಒಡಹುಟ್ಟಿದವಳು ನಾನೊಬ್ಬಳೇ. ಮೂವತ್ತು ದಾಟಿದ ಮೇಲೆ ಚನ್ನಗಿರಿಯಿಂದ ಒಂದು ಸಂಬಂಧ ಕೂಡಿಬಂದಿತ್ತು, ಅಡಿಕೆ ಮಂಡಿಯವರು. ಬರೋ ವಾರ ನಿಶ್ಚಿತಾರ್ಥ. ಈ ಸಾಲು ಅವರ ಕಿವಿಗೆ ಬಿದ್ದರೆ ಮುಗೀತು. ದಾವಣಗೆರೆಯಿಂದ ನ್ಯಾಮತಿವರೆಗೆ ಬಸ್ಸಲ್ಲಿ ಆ ಲಕೋಟೆ ತೊಡೆಮೇಲಿತ್ತು, ಇಳಿಯೋ ಹೊತ್ತಿಗೆ ಬ್ಯಾಗಿನ ತಳ ಸೇರಿತ್ತು.

ಪಡಸಾಲೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಅತ್ತಿಗೆ ಕೂಸನ್ನ ಎದೆಗವಚಿಕೊಂಡು ನನ್ನನ್ನೇ ನೋಡುತ್ತಿದ್ದಳು, ಮುಖದ ತುಂಬ ಆಸೆ.

"ಇಬ್ಬರದ್ದೂ ಸರಿಯಾಗೈತೆ. ಏನೂ ಸಿಗಲಿಲ್ಲ" ಅಂದೆ.

"ಮತ್ತೆ ಹೆಂಗಾತು?" ಅಂದಳು ಅವ್ವ. "ಹೇಳವ್ವಾ ಸೈನ್ಸಿನೋಳೇ. ಗ್ರಹಣದ್ದೇ ಹೌದಲ್ಲ?"

ಗಂಟೆಗಟ್ಟಲೆ ಪಾಠ ಮಾಡೋ ನನ್ನ ನಾಲಿಗೆಗೆ ಆಗ ಒಂದೇ ಮಾತು ಸಿಕ್ಕಿತು. "ಇರಬಹುದು" ಅಂದೆ.

ಅತ್ತಿಗೆ ಅಳಲಿಲ್ಲ, ಇವರೇ ಹೇಳಿ ಕೊಯ್ಸಿದ್ದು ಅನ್ನಲೂ ಇಲ್ಲ. ಮಾರನೇ ದಿನ ಅವಳಪ್ಪ ಬಂದು ಕರಕೊಂಡು ಹೋದ. ಆ ಸಲ ಚೀಲ ತಂದಿರಲಿಲ್ಲ.

ನನ್ನ ಮದುವೆಯಾಯಿತು. ಬಸುರಿಯಾದಾಗ ಗಂಡನ ಮನೆಯವರಿಗೆ ಗೊತ್ತಾಗದ ಹಾಗೆ ಹೋಗಿ ನನ್ನ ರಕ್ತ ಪರೀಕ್ಷೆ ಮಾಡಿಸಿಕೊಂಡೆ. ನನ್ನಲ್ಲಿ ಎಲ್ಲವೂ ಬಿಡಿಬಿಡಿಯಾಗಿ ನೆಟ್ಟಗಿದ್ದವು. ಕುಣಿದಾಡುವಷ್ಟು ಖುಷಿಯಾಯಿತು, ಸುಳ್ಳು ಹೇಳಲ್ಲ. ಗಟ್ಟಿಮುಟ್ಟಾದ ಮಗಳು ಹುಟ್ಟಿದಳು. ಇನ್ನೇನು ಹೆದರಿಕೆ ಇತ್ತು? ಅವತ್ತಾದರೂ ನ್ಯಾಮತಿಗೆ ಹೋಗಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಆವತ್ತಿನ ಸುಳ್ಳು ಬಯಲಾಗುತ್ತಿತ್ತು, ಅಷ್ಟೇ.

ಹೋದ ವರ್ಷ ಅಣ್ಣನಿಗೆ ಇನ್ನೊಂದು ಹೆಣ್ಣು ನೋಡಿದರು. ಅದಕ್ಕೆ ಮೊದಲು ಅತ್ತಿಗೆ ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. "ನಿನ್ನ ಮಾತಂದ್ರೆ ಅವಳಿಗೆ ವೇದವಾಕ್ಯ, ನೀನೇ ಹೋಗು" ಅಂದಳು ಅವ್ವ. ಹೋದೆ.

ಸೊಕ್ಕೆಯಲ್ಲಿ ಈರುಳ್ಳಿ ಕಿತ್ತು ಅಂಗಳದಲ್ಲಿ ರಾಶಿ ಹಾಕಿದ್ದರು. ಹೆಂಗಸರು ಕುಡುಗೋಲಿಂದ ಬಾಲ ಕೊಯ್ದು ಎಸೆಯುತ್ತಿದ್ದರು. ಅತ್ತಿಗೆ ಮಾತ್ರ ಬರಿಗೈಲಿ ದಪ್ಪ ಸಣ್ಣ ಬೇರೆ ಮಾಡುತ್ತಿದ್ದಳು. ಆವತ್ತಿಂದ ಅವಳು ಕೊಯ್ಯೋದ್ಯಾವುದನ್ನೂ ಮುಟ್ಟಿಲ್ಲ, ಅಡುಗೆಗೆ ತರಕಾರಿ ಹೆಚ್ಚೋಳೂ ತಾನೇ ಅಂತ ಅವಳಮ್ಮ ಹೇಳಿದಳು. ಕೂಸು ನಾಲ್ಕು ವರ್ಷದ್ದಾಗಿತ್ತು. ತೊದಲುತ್ತಾ ಬಂದು ನನ್ನ ಕೈಗೊಂದು ಗಡ್ಡೆ ಇಟ್ಟು ನಕ್ಕಿತು. ನಾನು ನಗಲಿಲ್ಲ, ಬ್ಯಾಗಿಂದ ಪತ್ರ ತೆಗೆದೆ.

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಪೂರ್ತಿ ಓದಿದಳು. "ಹಾಕ್ತೀನ್ರಿ ಅಕ್ಕಾರೆ. ಒಂದು ಮಾತು ಕೇಳ್ತೀನಿ, ನಿಜ ಹೇಳ್ರಿ. ನಾನು ಕೊಯ್ದಿದ್ದಕ್ಕೇ ನನ್ನ ಮಗಳು ಹಿಂಗಾಗಿದ್ದಾ? ದಿನಾ ರಾತ್ರಿ ಅದೇ ಅನ್ನಿಸ್ತೈತಿ. ನೀವು ಅಲ್ಲ ಅಂದ್ರೆ ನಂಗೆ ಸಾಕು."

ಅಲ್ಲ ಅನ್ನಾಕೆ ಎರಡಕ್ಷರ. ಅಲ್ಲ ಅಂದರೆ, ಮತ್ಯಾಕೆ ಹಿಂಗಾತು ಅಂತ ಕೇಳುತ್ತಾಳೆ, ಆಮೇಲೆ ಸಹಿ ಹಾಕಲ್ಲ, ಲಕೋಟೆಯ ಮಾತೂ ಹೊರಗೆ ಬರುತ್ತೆ.

"ಆದದ್ದಾಯ್ತು, ಈಗ್ಯಾಕೆ ಅದು? ಸಹಿ ಹಾಕು" ಅಂದೆ.

ನನ್ನ ಮುಖ ನೋಡಿದಳು, ಅವತ್ತು ಹಿತ್ತಲಲ್ಲಿ ನೋಡಿದ ಹಾಗೆಯೇ. ಸಹಿ ಹಾಕಿ ಪೆನ್ನು ವಾಪಸು ಕೊಟ್ಟಳು. ನಾನು ಎದ್ದು ನಿಂತಾಗ ರಾಶಿಯಿಂದ ಒಳ್ಳೊಳ್ಳೆ ಗಡ್ಡೆ ಎಂಟ್ಹತ್ತು ಆರಿಸಿ ಚೀಲಕ್ಕೆ ತುಂಬಿದಳು.

"ಕಾಲೇಜಿಗೆ ತಗಂಡು ಹೋಗ್ರಿ" ಅಂದಳು. "ಈ ಸಲ ಬೇರು ನೀವೇ ಕೊಯ್ಕಳ್ರಿ."