ವಾರ್ನಿಷ್ ಕೋಣೆಯ ಜೇಡ

ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಇಪ್ಪತ್ತಾರು ವರ್ಷದಿಂದ ಒಂದೇ ಶೆಡ್ಡಿನಲ್ಲಿ ಮೇಜು ಕುರ್ಚಿಗಳಿಗೆ ವಾರ್ನಿಷ್ ಬಳಿಯುತ್ತಾಳೆ. ಮರ ಉಜ್ಜುವ ಕೆಲಸಕ್ಕೆ ನನ್ನನ್ನು ಅಲ್ಲಿಗೆ ಸೇರಿಸಿದವಳೂ ಅವಳೇ. ಇಪ್ಪತ್ತಾರು ವರ್ಷದಲ್ಲಿ ಅವಳು ಮಾಡಿದ ತಪ್ಪು ಅದೊಂದೇ ಎಂದು ಅಲ್ಲಿನ ಬಡಗಿಗಳು ಹೇಳುತ್ತಾರೆ.

ಬಳಿಯುವ ದಿನ ಅವಳು ತಲೆಗೆ ಒದ್ದೆ ಬಟ್ಟೆ ಬಿಗಿದು, ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸುತ್ತಾಳೆ. ಧೂಳು ಏಳಬಾರದು. ಕಿಟಕಿ ಮಾತ್ರ ತೆರೆದೇ ಇರಬೇಕು. ಮುಚ್ಚಿದರೆ ವಾಸನೆಗೆ ತಲೆ ಸುತ್ತುತ್ತದೆ, ಬಳಿದದ್ದೂ ಒಣಗುವುದಿಲ್ಲ.

ಹೋದ ತಿಂಗಳು ಕೋಣೆಯಲ್ಲಿ ಹಿಡಿಸದ ಬೀರುವೊಂದನ್ನು ಅಂಗಳದಲ್ಲಿ ಬಳಿದಾಗ, ಅದರ ಬಾಗಿಲಲ್ಲಿ ನೊಣವೊಂದು ಹೂತುಹೋಗಿತ್ತು. ಗಿರಾಕಿ ವಾಪಸ್ ಕಳಿಸಿದ. ಇನ್ನೊಂದು ಸಲ ಹೀಗಾದರೆ ಬಳಿಯುವ ಕೆಲಸವನ್ನೇ ಹೊರಗೆ ಕೊಡುತ್ತೇನೆ ಎಂದು ಯಜಮಾನರು ಹೇಳಿಬಿಟ್ಟಿದ್ದರು. ದೊಡ್ಡಮ್ಮನಿಗೆ ಬರುವುದು ಅದೊಂದೇ ಕೆಲಸ.

ಈ ಸಲ ಎಂಟು ಜನ ಕೂರುವ ಊಟದ ಮೇಜು. ಮರುದಿನ ಬೆಳಗ್ಗೆ ಯಜಮಾನರು ನೋಡಲು ಬರುತ್ತಾರೆಂದು ತಿಳಿದ ನಾನು, ಜೀವಮಾನದಲ್ಲೇ ಮೊದಲ ಬಾರಿಗೆ, ಯಾರೂ ಹೇಳದೆ ಒಂದು ಕೆಲಸ ಮಾಡಿದೆ. ದೊಡ್ಡಮ್ಮ ಬಳಿಯಲು ಬರುವ ಮೊದಲೇ ಕೋಲಿಗೆ ಪೊರಕೆ ಕಟ್ಟಿ ಕಿಟಕಿಯ ಜೇಡರ ಬಲೆಯನ್ನು ಗುಡಿಸಿ ಹಾಕಿದೆ.

ಬಳಿಯುವಾಗ ದೊಡ್ಡಮ್ಮ ತಲೆ ಎತ್ತುವವಳಲ್ಲ. ಐದು ಗಂಟೆಗೆ ಕೊನೆಯ ಕೈ ಮುಗಿಸಿ ಕಿಟಕಿ ನೋಡಿದಳು.

"ಬಲೆ ಎಲ್ಲೋ?"

"ಗುಡಿಸಿದೆ ದೊಡ್ಡಮ್ಮ. ಎಷ್ಟು ಕ್ಲೀನಾಗಿದೆ ನೋಡು."

ಅವಳು ಬ್ರಷ್ ಕೆಳಗಿಟ್ಟಳು. "ನಿನ್ನನ್ನ ಕೆಲಸಕ್ಕೆ ಸೇರಿಸ್ಕೊಳ್ಳಿ ಅಂದ ಈ ಬಾಯಿಗೇ ಎರಡು ಕೈ ವಾರ್ನಿಷ್ ಬಳೀಬೇಕು."

ಆಮೇಲೆ ತಗ್ಗಿದ ದನಿಯಲ್ಲಿ ವಿಷಯ ಹೇಳಿದಳು. ಕಿಟಕಿಯ ಹಿಂದೆಯೇ ಚರಂಡಿ, ಹೊತ್ತು ಇಳಿದರೆ ಹುಳುಗಳು ಏಳುತ್ತವೆ. ಹೊಳೆಯುವ ಹಸಿ ವಾರ್ನಿಷ್ ಅವಕ್ಕೆ ನಿಂತ ನೀರಿನಂತೆ ಕಾಣುತ್ತದೆ. ಪರದೆ ಹಾಕಿದರೆ ಅದರ ನೂಲು ಉದುರುತ್ತದೆ, ಸಣ್ಣ ಕಣ್ಣಿನ ಜಾಲರಿ ಗಾಳಿ ತಡೆಯುತ್ತದೆ. ಜೇಡ ಎರಡೂ ಮಾಡುವುದಿಲ್ಲ. ಅದರ ಎಳೆ ಹುಳುವಿನ ಕಣ್ಣಿಗೆ ಬೀಳದಷ್ಟು ಸಣ್ಣ.

"ಬಲೆ ಅಂದ್ರೆ ಗೋಡೆ ಅಲ್ಲ ಕಣೋ. ಹೊಡೆತಕ್ಕೆ ಬಗ್ಗುತ್ತೆ, ಆಮೇಲೆ ಬಿಡಲ್ಲ."

ಮೇಜು ಕೈಗೆ ಅಂಟದಂತಾಗಲು ಮೂರು ಗಂಟೆ ಬೇಕು. ಬಿಸಿಲು ಇದ್ದದ್ದು ಒಂದು ಗಂಟೆ. ಮೊದಲ ಹುಳು ಬಂದೇಬಿಟ್ಟಿತು. ನಾನು ಕೈ ಬೀಸಲು ಹೋದೆ. ಅವಳು ಮಣಿಕಟ್ಟು ಹಿಡಿದಳು. ಬೀಸಿದರೆ ಧೂಳು. ಹುಳು ಮೇಜಿನ ಮೇಲೆ ಗೇಣು ಎತ್ತರದಲ್ಲಿ ಎರಡು ಸುತ್ತು ಹಾಕಿ, ಏನನ್ನಿಸಿತೋ, ಹೊರಗೆ ಹೋಯಿತು.

ಅಷ್ಟರಲ್ಲಿ ಚೌಕಟ್ಟಿನ ಬಿರುಕಿನಿಂದ ಒಂದು ಕಾಲು ಹೊರಬಂತು. ಆಮೇಲೆ ಪೂರ್ತಿ ಜೇಡ. ನನ್ನ ಪೊರಕೆಗೆ ಸಿಕ್ಕಿರಲಿಲ್ಲ. ಅದು ಮೊದಲು ಗಾಲಿಯ ಕಡ್ಡಿಗಳಂತೆ ಎಳೆ ಕಟ್ಟಿತು; ಅವು ಅಂಟುವುದಿಲ್ಲ, ಅದರ ಓಡಾಟಕ್ಕೆ. ಅಂಟು ಇರುವುದು ಆಮೇಲೆ ಹಾಕುವ ಸುತ್ತುಗಳಲ್ಲಿ. ಹೊರಗಿನಿಂದ ಒಳಕ್ಕೆ, ಅಳೆದಂತೆ, ಒಂದಾದ ಮೇಲೊಂದು. ಚರಂಡಿಯ ಮೇಲೆ ಹುಳುಗಳ ಹಿಂಡು ಆಗಲೇ ಎದ್ದಿತ್ತು.

ದೊಡ್ಡಮ್ಮ ಕೋಣೆಯ ದೀಪ ಆರಿಸಿ, ನನ್ನ ಕೈಗೆ ಟಾರ್ಚ್ ಕೊಟ್ಟಳು. "ಹೋಗು. ಚರಂಡಿ ಹತ್ರ ಮುಖಕ್ಕೆ ಬೆಳಕು ಬಿಟ್ಕೊಂಡು ನಿಂತ್ಕೋ. ಅದು ಮುಗಿಸೋವರೆಗೂ ನೀನೇ ಬಲೆ."

ನಿಂತೆ. ಕಿವಿ, ಮೂಗು, ಕತ್ತು, ಯಾವುದನ್ನೂ ಅವು ಬಿಡಲಿಲ್ಲ. ಬಾಯಿ ತೆರೆಯುವಂತಿಲ್ಲ, ಅಲ್ಲಾಡುವಂತಿಲ್ಲ. ನನ್ನನ್ನು ದಾಟಿದ ಒಂದು ಹುಳು ನೆಟ್ಟಗೆ ಕಿಟಕಿಗೆ ನುಗ್ಗಿತು. ಬಲೆಯ ನಡುವೆ ಅಂಗೈಯಗಲ ಇನ್ನೂ ಖಾಲಿ. ಅದರ ಪಕ್ಕದಲ್ಲೇ ಬಡಿಯಿತು. ಎಳೆಗಳು ಒಳಕ್ಕೆ ಜಗ್ಗಿದವು, ಹರಿಯಲಿಲ್ಲ; ಮತ್ತೆ ಹಿಂದಕ್ಕೆ ಬಂದಾಗ ಹುಳು ಅಲ್ಲೇ ಇತ್ತು. ಒದ್ದಾಡಿದಷ್ಟೂ ಇನ್ನಷ್ಟು ಎಳೆಗಳು ಮೆತ್ತಿಕೊಂಡವು. ನಡುಕ ಕಾಲಿಗೆ ತಗುಲಿ ಜೇಡ ತಿರುಗಿತು.

ಬೆಳಗ್ಗೆ ಯಜಮಾನರು ಮೇಜಿನ ಮೇಲೆ ಬೆರಳಾಡಿಸುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ಉಗುರಿನಿಂದ ಕೆರೆದರು. ದೊಡ್ಡಮ್ಮ ತನ್ನ ಸೆರಗನ್ನೇ ನೋಡುತ್ತಿದ್ದಳು.

ಮರದ ಗಂಟು.

"ಚೆನ್ನಾಗಿದೆ" ಎಂದರು. ಆಮೇಲೆ ಕಿಟಕಿ ನೋಡಿ, ಊದಿಕೊಂಡ ನನ್ನ ಮುಖವನ್ನೂ ನೋಡಿ, "ಇದೇನಯ್ಯ ಬಲೆ? ಪೊರಕೆ ಇಲ್ವಾ ಇಲ್ಲಿ?" ಎಂದರು.

"ಎಲ್ಲೋ ಇಟ್ಟಿದ್ದೀನಿ ಸಾರ್, ಹುಡುಕ್ತೀನಿ" ಎಂದೆ.

ಇವತ್ತಿಗೂ ಹುಡುಕುತ್ತಿದ್ದೇನೆ.